ಕ್ಯಾರೆಟ್ ಕಳದಲ್ಲಿ ಕೊಯ್ದ ಅರ್ಧ ಸುತ್ತು

ನನ್ನ ಅಣ್ಣನಿಗೆ ಒದಗಿದ್ದ ಒಂದೇ ಒಂದು ಅವಕಾಶವನ್ನು ನಾನು ಹ್ಯಾಕ್ಸಾದಿಂದ ಕೊಯ್ದು ಹಾಕಿದೆ. ಇದು ಮಾತಿನ ಅಲಂಕಾರವಲ್ಲ. ನಿಜವಾದ ಹ್ಯಾಕ್ಸಾ, ನಿಜವಾದ ಬ್ಲೇಡು, ಅದೂ ಮೂರು ಬ್ಲೇಡು ಮುರಿದು ನಾಲ್ಕನೆಯದರಲ್ಲಿ. ಮನೆ ಹಾಳು ಮಾಡಲು ಕೆಲವರು ಇಸ್ಪೀಟು, ಕುಡಿತ ಎಂದು ವರ್ಷಗಟ್ಟಲೆ ಶ್ರಮಪಡುತ್ತಾರೆ. ನನಗೆ ಒಂದು ಭಾನುವಾರದ ಬೆಳಿಗ್ಗೆ ಸಾಕಾಯಿತು, ನಡುವೆ ಕಾಫಿಗೂ ಬಿಡುವಿತ್ತು.

ಅಣ್ಣ ಎಂದರೆ ದೊಡ್ಡಪ್ಪನ ಮಗ. ನಮ್ಮ ತಾತನ ಕಾಲಕ್ಕೆ ಗುಂಡ್ಲುಪೇಟೆ ಕಡೆಯಿಂದ ಊಟಿಗೆ ಹತ್ತಿದ ಮನೆತನ ನಮ್ಮದು. ಕ್ಯಾರೆಟ್ಟು, ಆಲೂಗಡ್ಡೆ ಬೆಳೆಯುವುದು, ತೊಳೆಯುವುದು, ಮೇಟುಪಾಳ್ಯದ ಮಂಡಿಗೆ ಇಳಿಸುವುದು. ಇಳಿಸುವ ಕೆಲಸ ಅಣ್ಣನದು. ದಿನಾ ಬೆಳಿಗ್ಗೆ ಪಿಕಪ್ ತುಂಬ ಮೂಟೆ ಹೇರಿಕೊಂಡು ಘಾಟಿ ಇಳಿದು, ಮಧ್ಯಾಹ್ನ ಖಾಲಿ ಗಾಡಿಯಲ್ಲಿ ಹತ್ತಿ ಬರುತ್ತಿದ್ದ. ಅವನು ಗಾಡಿ ಓಡಿಸುವಾಗ ಪಕ್ಕದಲ್ಲಿ ಕೂತವರಿಗೆ ನಿದ್ದೆ ಬರುತ್ತಿತ್ತು. ಅಷ್ಟು ವೇಗದಲ್ಲಿ ಹೋಗುತ್ತಿದ್ದೇವೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಒಂದು ಮಳೆಯ ದಿನ ಕೋತಗಿರಿ ಘಾಟಿನಲ್ಲಿ ಅಣ್ಣನ ಪಿಕಪ್ಪಿನ ಹಿಂದೆ ಒಂದು ದೊಡ್ಡ ಕಾರು ಬಿತ್ತು. ಕೆಳಗಿನವರೆಗೂ ಅದಕ್ಕೆ ಅಣ್ಣನನ್ನು ಹಿಡಿಯಲು ಆಗಲಿಲ್ಲ. ಮಂಡಿಯಲ್ಲಿ ಅದರ ಯಜಮಾನರು ಇಳಿದು ಬಂದರು. ಅಣ್ಣ ಬೈಗುಳಕ್ಕೆ ಸಿದ್ಧನಾಗಿ ನಿಂತ. ಅವರು ಕೊಯಮತ್ತೂರಿನ ಮಿಲ್ ಒಂದರ ಮಾಲೀಕರು, ಸ್ವಂತ ರೇಸ್ ತಂಡ ಇಟ್ಟುಕೊಂಡವರು, ಮನೆಮಾತು ನೇಯ್ಗೆಯವರ ಕನ್ನಡ.

"ನಿನ್ನ ಹಿಂದಿನ ಮೂಟೆ ಒಂದೂ ಅಲ್ಲಾಡಲಿಲ್ಲವಲ್ಲ ತಂಬಿ," ಎಂದರಂತೆ. "ಈ ವರ್ಷ ನನ್ನ ತಂಡದಲ್ಲಿ ಒಂದು ಸೀಟು ಖಾಲಿ ಇದೆ. ಚೆನ್ನೈನಿಂದ ಒಬ್ಬ ಬರ್ತಾನೆ, ನೀನೂ ಬಾ. ನಿನ್ನದೇ ಸಣ್ಣ ಕಾರು ತಗೊಂಡು ಬಾ. ಟ್ರ್ಯಾಕಲ್ಲಿ ಎರಡು ಸಲ ಬಿಡ್ತೀನಿ. ನೋಡ್ತೀನಿ."

ಒಂದೂವರೆ ತಿಂಗಳ ಸಮಯವಿತ್ತು. ಅಣ್ಣನಿಗೆ ಇಪ್ಪತ್ತಾರು. ಇಂಥ ಕೆಲಸಕ್ಕೆ ಅದು ಆಗಲೇ ತಡ ಎಂದು ಅವನೇ ಹೇಳುತ್ತಿದ್ದ. ಈ ಸಲ ಆಗದಿದ್ದರೆ ಇನ್ನು ಯಾರೂ ಕರೆಯುವುದಿಲ್ಲ ಎಂದೂ ಅವನಿಗೆ ಗೊತ್ತಿತ್ತು. ಕಾರು ಇತ್ತು: ದೊಡ್ಡಪ್ಪನ ಹಳೆಯ ಎಂಟುನೂರು ಸಿಸಿ ಪುಟಾಣಿ, ಮದುವೆಗೂ ಸಾವಿಗೂ ಹೋಗುವ ಗಾಡಿ. ತಿರುವಿನಲ್ಲಿ ಮುದುಕಿ ಸೊಂಟದ ಮೇಲೆ ಕೈಯಿಟ್ಟ ಹಾಗೆ ವಾಲುತ್ತಿತ್ತು. ಅದರ ಸ್ಪ್ರಿಂಗು ಬದಲಾಯಿಸಬೇಕಿತ್ತು. ಆ ಕೆಲಸವನ್ನು ಅಣ್ಣ ನನಗೆ ಕೊಟ್ಟ.

ಯಾಕೆ ನನಗೆ ಎಂದರೆ, ಮನೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದವನು ನಾನೊಬ್ಬನೇ. ಎರಡು ಪೇಪರ್ ಫೇಲಾಗಿ ಅರಿಯರ್ ಉಳಿದದ್ದನ್ನು ಮನೆಯವರು ಅನುಭವ ಎಂದು ತಿಳಿದಿದ್ದರು. ಸ್ಪ್ರಿಂಗಿನ ಬಗ್ಗೆ ಆಗ ನನಗಿದ್ದ ಜ್ಞಾನ ಬಾಲ್ ಪೆನ್ ಬಿಚ್ಚಿ ಹಾರಿಸಿದಷ್ಟು. ಆದರೆ ಅಣ್ಣ ಕೇಳಿದಾಗ ನಾನು ಗಲ್ಲ ಉಜ್ಜಿಕೊಂಡು, "ನೋಡಣ, ಎಲ್ಲಾ ಲೆಕ್ಕದ ಮೇಲೆ ನಿಂತದೆ," ಎಂದೆ. ಯಾವ ಲೆಕ್ಕ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಇವತ್ತು ಇದನ್ನು ಬರೆಯುವ ಗತಿ ನನಗೆ ಬರುತ್ತಿರಲಿಲ್ಲ.

ಗೂಡಲೂರಿನಲ್ಲಿ ಒಬ್ಬ ಮಲಯಾಳಿ ಮೇಸ್ತ್ರಿ ಇದ್ದರು. ಪ್ರಾಯದಲ್ಲಿ ರ್‍ಯಾಲಿ ಕಾರುಗಳ ಕೆಲಸ ಮಾಡಿದವರು. ಗುಜರಿಗೆ ಬಿದ್ದ ಕಾರುಗಳಿಂದ ಬಿಚ್ಚಿದ ಮೂರು ಜೊತೆ ಸ್ಪ್ರಿಂಗುಗಳನ್ನು ನನ್ನ ಮುಂದೆ ಉರುಳಿಸಿದರು. ಯಾವುದರ ಮೇಲೂ ನಂಬರಿಲ್ಲ.

"ಯಾವುದು ಗಟ್ಟಿ ಅಂತ ಹೇಗೆ ತಿಳಿಯೋದು ಚೇಟ?"

"ನಿಮ್ಮನೇಲಿ ಕ್ಯಾರೆಟ್ ಮೂಟೆ ಇಲ್ವಾ ಮೋನೇ? ಸ್ಪ್ರಿಂಗ್ ನಿಲ್ಸು, ಒಳಗೆ ಪೈಪ್ ಹಾಕು, ಮೇಲೆ ಹಲಗೆ, ಹಲಗೆ ಮೇಲೆ ಐವತ್ತು ಕಿಲೋ ಮೂಟೆ. ಎಷ್ಟು ಬೆರಳು ಕುಗ್ತದೆ ನೋಡು. ಕಂಪನಿದು ಎಷ್ಟು ಕುಗ್ತದೆ ಅದನ್ನೂ ನೋಡು. ಅದಕ್ಕಿಂತ ಸ್ವಲ್ಪ ಕಡಿಮೆ ಕುಗ್ಗೋದು ಯಾವ್ದೋ ಅದು ನಿಂದು."

"ಎಲ್ಲಕ್ಕಿಂತ ಗಟ್ಟಿಯಾದ್ದೇ ಹಾಕ್ಬಿಟ್ರೆ?"

ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಟ್ರ್ಯಾಕ್ ಅಂದ್ರೆ ಕನ್ನಡಿ. ನಿಮ್ಮ ರೋಡ್ ಅಂದ್ರೆ ಒಡೆದ ಕನ್ನಡಿ. ಊಟಿಯಿಂದ ಅದೇ ಕಾರಲ್ಲಿ ಇಳೀಬೇಕು, ಅದೇ ಕಾರಲ್ಲಿ ಓಡಿಸ್ಬೇಕು, ಅದೇ ಕಾರಲ್ಲಿ ವಾಪಸ್ ಹತ್ಬೇಕು. ತೀರಾ ಗಟ್ಟಿ ಆದ್ರೆ ಗುಂಡಿ ಬಂದಾಗೆಲ್ಲ ಟೈರು ನೆಲ ಬಿಡ್ತದೆ. ನೆಲ ಬಿಟ್ಟ ಟೈರಿಗೆ ಡ್ರೈವರ್ ಏನ್ ಹೇಳಿದ್ರೂ ಕೇಳ್ಸಲ್ಲ."

ಹೊರಡುವಾಗ ಇನ್ನೊಂದು ಮಾತು ಹೇಳಿದರು. "ಎತ್ತರ ಜಾಸ್ತಿ ಅನ್ಸಿದ್ರೆ ಎರಡು ಕಡೆಯಿಂದಲೂ ಒಂದೊಂದು ಸುತ್ತು ಕೊಯ್ಯಿ. ಸಮ ಸಮ. ಗ್ಯಾಸಲ್ಲಿ ಸುಡಬೇಡ, ಹ್ಯಾಕ್ಸಾದಲ್ಲಿ ಕೊಯ್ಯಿ. ಒಂದು ಸಲ ಕೊಯ್ದ ಮೇಲೆ ಮುಟ್ಟಬೇಡ. ಇದು ಮುಡಿ ಅಲ್ಲ, ಮತ್ತೆ ಬೆಳೆಯೋದಿಲ್ಲ."

ಇಷ್ಟು ಸ್ಪಷ್ಟವಾಗಿ ಹೇಳಿಸಿಕೊಂಡೂ ತಪ್ಪು ಮಾಡಲು ಒಂದು ಪ್ರತಿಭೆ ಬೇಕು.

ನಮ್ಮ ಮನೆಯ ಮುಂದೆ ಕ್ಯಾರೆಟ್ ತೊಳೆಯುವ ಸಿಮೆಂಟಿನ ಅಂಗಳ ಇದೆ. ಕಳ ಎನ್ನುತ್ತೇವೆ. ಒಂದು ಬದಿಗೆ ತೊಟ್ಟಿ. ತೊಟ್ಟಿಯಲ್ಲಿ ತುಳಿದು ತೊಳೆದ ಕ್ಯಾರೆಟ್ಟನ್ನು ಕಳದ ಮೇಲೆ ಹರವಿ ನೀರು ಸೋರಲು ಬಿಡುತ್ತೇವೆ. ಸುತ್ತ ಎಲ್ಲವೂ ಇಳಿಜಾರು, ಮೆಟ್ಟಿಲು ಮೆಟ್ಟಿಲು ಹೊಲ. ನಮ್ಮ ಕಡೆ ನಿಲ್ಲಿಸಿದ ಗಾಡಿ ತಾನಾಗಿ ಉರುಳದಿದ್ದರೆ ಆ ಜಾಗಕ್ಕೆ ಮಟ್ಟ ಎನ್ನುತ್ತಾರೆ. ಆ ಲೆಕ್ಕದಲ್ಲಿ ನಮ್ಮ ಕಳ ಇಡೀ ಊರಿಗೇ ಮಟ್ಟದ ಜಾಗ. ಮದುವೆ ಚಪ್ಪರ ಅಲ್ಲೇ, ಕೇರಂ ಬೋರ್ಡು ಅಲ್ಲೇ. ನನ್ನ ಪ್ರಯೋಗಶಾಲೆಯೂ ಅಲ್ಲೇ ಶುರುವಾಯಿತು.

ಮೊದಲ ಮೂಟೆ ಹಲಗೆಯ ಮೇಲಿಂದ ಜಾರಿ ಬಿತ್ತು. ಬಾಯಿ ಬಿಚ್ಚಿ ಕ್ಯಾರೆಟ್ಟೆಲ್ಲ ಉರುಳಿಕೊಂಡು ಹೋಗಿ ಬಲಗಡೆಯ ಮೋರಿಯ ಹತ್ತಿರ ಗುಂಪಾಗಿ ನಿಂತವು. ಒಂದಾದರೂ ಎಡಕ್ಕೆ ಹೋಗಲಿಲ್ಲ. ನಾನು ಅವನ್ನು ಆರಿಸಿ ಮತ್ತೆ ಮೂಟೆಗೆ ತುಂಬಿದೆ. ಐವತ್ತು ಕಿಲೋ ಕ್ಯಾರೆಟ್ಟು ಒಟ್ಟಿಗೆ ನನಗೆ ಏನನ್ನೋ ತೋರಿಸಲು ನೋಡಿತು. ನಾನು ಸಾಲಾಗಿ ಆರಿಸಿದ್ದೇ ಆರಿಸಿದ್ದು.

ಕಂಪನಿಯ ಸ್ಪ್ರಿಂಗು ಮೂರು ಬೆರಳು ಕುಗ್ಗಿತು. ಒಂದು ಜೊತೆ ಎರಡು ಬೆರಳು. ಇನ್ನೊಂದು ಜೊತೆ ಒಂದು ಬೆರಳೂ ಕುಗ್ಗಲಿಲ್ಲ. ಮೂರನೆಯದಕ್ಕೆ ತುಕ್ಕು ಹಿಡಿದು ಕೈಗೆ ಪುಡಿ ಬರುತ್ತಿತ್ತು. ನಾನು ಒಂದು ಬೆರಳೂ ಕುಗ್ಗದ್ದನ್ನು ಹಾಕಿದೆ. ಎರಡು ವಾರ ಆ ಕಾರು ರಸ್ತೆಯ ಮೇಲೆ ಕುಪ್ಪಳಿಸಿತು. ಕಲ್ಲಟ್ಟಿ ಘಾಟಿನಲ್ಲಿ ಮಸಿನಗುಡಿಗೆ ಇಳಿಯುವಾಗ ಬ್ರೇಕು ಹಾಕಿದರೆ ಮುಂದಿನ ಚಕ್ರ ನೆಲ ಮುಟ್ಟಿ ಬಿಟ್ಟು ಮುಟ್ಟಿ ಬಿಟ್ಟು ಹೋಗುತ್ತಿತ್ತು. ಅಣ್ಣ ಹಲ್ಲು ಕಚ್ಚಿಕೊಂಡು ಓಡಿಸಿದ. ದೊಡ್ಡಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದ ಮೇಲೆ ಆಕೆಯ ತೀರ್ಪು ಬಂತು.

"ಈ ಕಾರಲ್ಲಿ ಕೂತ್ರೆ ಬೆಳಿಗ್ಗೆ ತಿಂದ ಇಡ್ಲಿ ವಾಪಸ್ ಹಿಟ್ಟಾಯ್ತದೆ ಕಣ್ಲಾ. ಯಾವ ಶತ್ರು ಕಲಿಸ್ದ ನಿಂಗೆ ಇದ್ನ?"

ಹಾಗೆ ಎರಡು ಬೆರಳಿನ ಜೊತೆಗೆ ಬಂದೆ. ಅದು ಮೇಸ್ತ್ರಿ ಮೊದಲೇ ಹೇಳಿದ್ದ ಜೊತೆ. ಎತ್ತರ ಜಾಸ್ತಿಯಾಯಿತೆಂದು ಎಡಕ್ಕೂ ಬಲಕ್ಕೂ ಒಂದೊಂದು ಸುತ್ತು ಕೊಯ್ದೆ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗು ಇನ್ನಷ್ಟು ಬಿಗಿಯಾಗುತ್ತದೆ. ಅದೂ ಸರಿಯಾಗಿಯೇ ಬಂತು. ಅಣ್ಣ ಕಲ್ಲಟ್ಟಿ ಇಳಿದು ಹತ್ತಿ ಬಂದು ಸ್ಟೀರಿಂಗಿನ ಮೇಲೆ ಕೈಯಿಂದ ತಟ್ಟಿದ.

"ಚಂದಾಗೈತೆ ಕಣ್ಲಾ," ಎಂದ. "ಎಲ್ಲಿಗೆ ನೋಡ್ತೀನೋ ಅಲ್ಲಿಗೆ ಹೋಯ್ತದೆ. ಸಾಕು ಬುಡು."

ಸಾಕು ಬಿಡು ಎಂದ. ಬಿಡಬಹುದಿತ್ತು. ಅಲ್ಲಿಗೆ ಬಿಟ್ಟಿದ್ದರೆ ನನ್ನ ಹೆಸರು ಮನೆತನದ ಎಂಜಿನಿಯರ್ ಎಂದು ಉಳಿಯುತ್ತಿತ್ತು. ಆದರೆ ಟ್ರ್ಯಾಕಿಗೆ ಹೋಗಲು ಇನ್ನೂ ಆರು ದಿನವಿತ್ತು. ಕೆಲಸ ಮುಗಿದ ಮೇಲೆ ಸುಮ್ಮನೆ ಕೂರುವುದು ನನ್ನ ಜಾತಕದಲ್ಲಿಲ್ಲ.

ಆ ಭಾನುವಾರ ಪಕ್ಕದ ಮನೆಯಲ್ಲಿ ಗೋಡೆ ಕಟ್ಟುತ್ತಿದ್ದರು. ಗಾರೆಯವರ ರಸಮಟ್ಟ ಬಿಸಿಲಲ್ಲಿ ಬಿದ್ದಿತ್ತು, ಆ ಉದ್ದನೆಯ ಪಟ್ಟಿ, ನಡುವೆ ಗಾಜಿನೊಳಗೆ ಗುಳ್ಳೆ. ಕೇಳಿ ತಂದೆ. ಬಾನೆಟ್ಟು ಎತ್ತಿ, ಮುಂದಿನ ಎರಡು ಸ್ಪ್ರಿಂಗು ಬಂದು ಕೂರುವ ಎರಡು ತಲೆಗಳ ಮೇಲೆ ಅಡ್ಡ ಹಲಗೆ ಹಾಕಿ, ಹಲಗೆಯ ಮೇಲೆ ರಸಮಟ್ಟ ಇಟ್ಟೆ. ಗುಳ್ಳೆ ಎಡಕ್ಕೆ ಓಡಿತು. ಎಂದರೆ ಕಾರಿನ ಎಡಗಡೆ ಎತ್ತರ.

ನನಗೆ ರೋಮಾಂಚನವಾಯಿತು. ಯಾರಿಗೂ ಕಾಣದ ದೋಷ ನನ್ನ ಕಣ್ಣಿಗೆ ಬಿದ್ದಿತ್ತು. ನೆಲದಿಂದ ಟೇಪು ಹಿಡಿದು ಎರಡೂ ಕಡೆ ಅಳೆದಿದ್ದರೆ ಎರಡು ನಿಮಿಷದಲ್ಲಿ ಸತ್ಯ ತಿಳಿಯುತ್ತಿತ್ತು. ಆದರೆ ಟೇಪು ದರ್ಜಿಯೂ ಹಿಡಿಯುತ್ತಾನೆ, ರಸಮಟ್ಟ ಹಿಡಿದವನೇ ಎಂಜಿನಿಯರ್. ಎಡಗಡೆಯ ಸ್ಪ್ರಿಂಗು ಬಿಚ್ಚಿ, ಮೂರು ಬ್ಲೇಡು ಮುರಿದು, ಇನ್ನೂ ಅರ್ಧ ಸುತ್ತು ಕೊಯ್ದೆ. ಮತ್ತೆ ಜೋಡಿಸಿ ರಸಮಟ್ಟ ಇಟ್ಟೆ. ಗುಳ್ಳೆ ನಟ್ಟ ನಡುವೆ ನಿಂತಿತು. ಅದರ ಹಿಂದೆಯೇ ದೊಡ್ಡಪ್ಪ ಕಳ ತೊಳೆಯಲು ಎರಡು ಬಕೀಟು ನೀರು ಸುರಿದರು. ನೀರು ಕಾರಿನ ಕೆಳಗೆ ನುಗ್ಗಿ ಬಲಗಡೆಯ ಮೋರಿಗೆ ಹರಿದು ಹೋಯಿತು. ನನ್ನ ಚಪ್ಪಲಿ ನೆನೆಯಿತೆಂದು ನಾನು ಬೈದುಕೊಂಡೆ.

ಆ ವಾರ ಅಣ್ಣ ಒಂದೇ ಸಲ ಕೇಳಿದ. "ವಸಿ ಎಡಕ್ಕೆ ವಾಲ್ದಂಗೆ ಇಲ್ವೇನ್ಲಾ?"

"ರೋಡೇ ವಾಲೈತೆ ಅಣ. ನಾನು ರಸಮಟ್ಟ ಇಟ್ಟು ನೋಡಿವ್ನಿ."

ಅವನು ತಲೆಯಾಡಿಸಿದ. ನಮ್ಮ ಜಿಲ್ಲೆಯಲ್ಲಿ ಯಾವ ರಸ್ತೆ ವಾಲಿಲ್ಲ? ನನ್ನ ಸುಳ್ಳಿಗೆ ಇಡೀ ನೀಲಗಿರಿ ಸಾಕ್ಷಿ ನಿಂತಿತ್ತು.

ಕೊಯಮತ್ತೂರಿನ ಟ್ರ್ಯಾಕು ಮಟ್ಟ ಎಂದರೆ ಮಟ್ಟ. ಅಷ್ಟು ಮಟ್ಟದ ನೆಲವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಕಾರನ್ನು ಶೆಡ್ಡಿನ ಮುಂದೆ ನಿಲ್ಲಿಸಿದೆವು. ಚೆನ್ನೈ ಹುಡುಗನ ಜೊತೆ ಬಂದಿದ್ದ ಮೆಕ್ಯಾನಿಕ್ಕು ಟೀ ಕುಡಿಯುತ್ತ ನಮ್ಮ ಕಾರಿನ ಮುಂದೆ ಬಂದು ನಿಂತ. ತಮಿಳಿನಲ್ಲಿ ಕೇಳಿದ, ಎಡಗಡೆ ಸೀಟಿನಲ್ಲಿ ಯಾರಾದರೂ ದಪ್ಪನೆಯವರು ಕೂತಿದ್ದಾರಾ ಎಂದು. ಯಾರೂ ಕೂತಿರಲಿಲ್ಲ. ಕೂತಿದ್ದವನು ಅಣ್ಣನೊಬ್ಬ, ಅದೂ ಬಲಗಡೆ. ಆದರೂ ಕಾರು ಎಡಕ್ಕೆ ಭುಜ ಇಳಿಸಿಕೊಂಡು ನಿಂತಿತ್ತು.

ಅಣ್ಣ ಮೊದಲ ಸಲ ಟ್ರ್ಯಾಕಿಗೆ ಹೋದ. ಆ ಟ್ರ್ಯಾಕಿನಲ್ಲಿ ಹೆಚ್ಚು ತಿರುವು ಬಲಕ್ಕೆ. ಬಲಕ್ಕೆ ತಿರುಗುವಾಗ ಭಾರವೆಲ್ಲ ಎಡಕ್ಕೆ ಬೀಳುತ್ತದೆ. ಎಡಗಡೆ ಮೊದಲೇ ತಗ್ಗು. ಸ್ಪ್ರಿಂಗು ಕುಗ್ಗುವಷ್ಟು ಕುಗ್ಗಿ, ಕೊನೆಗೆ ತಡೆಯಲೆಂದು ಇಟ್ಟಿರುವ ರಬ್ಬರ್ ತುಂಡಿಗೆ ಹೋಗಿ ಬಡಿಯುತ್ತಿತ್ತು. ಅಲ್ಲಿಂದ ಮುಂದೆ ಸ್ಪ್ರಿಂಗೇ ಇಲ್ಲದ ಹಾಗೆ. ಮುಂದಿನ ಟೈರು ಹಿಡಿತ ಬಿಟ್ಟು, ಕಾರು ತಿರುಗುವ ಬದಲು ನೇರ ಹುಲ್ಲಿನ ಕಡೆ ಹೋಗುತ್ತಿತ್ತು. ಅಣ್ಣ ಪ್ರತಿ ಸುತ್ತಿನಲ್ಲೂ ಅದನ್ನು ಹೇಗೋ ಎಳೆದು ತರುತ್ತಿದ್ದ. ಎಡ ತಿರುವಿನಲ್ಲಿ ಅದೇ ಕಾರು ಎಣ್ಣೆ ಹಚ್ಚಿದ ಹಾಗೆ ಹೋಗುತ್ತಿತ್ತು. ಆ ತಿರುವು ಇದ್ದದ್ದು ಎರಡೇ.

ಅವನು ಸುತ್ತು ಹಾಕುತ್ತಿರುವಾಗಲೇ ನಾನು ಶೆಡ್ಡಿನ ನೆಲದ ಮೇಲೆ ರಸಮಟ್ಟ ಇಟ್ಟೆ. ತಂದಿದ್ದೆ, ಶಾನುಭೋಗರ ಹಾಗೆ ಬಗಲಲ್ಲಿ ಇಟ್ಟುಕೊಂಡು. ಗುಳ್ಳೆ ನಡುವೆ ನಿಂತಿತು. ಅವನು ಬಂದು ಕಾರು ನಿಲ್ಲಿಸಿ ನೀರು ಕುಡಿಯಲು ಹೋದಾಗ ಬಾನೆಟ್ಟು ಎತ್ತಿ, ಶೆಡ್ಡಿನಲ್ಲಿ ಸಿಕ್ಕ ಹಲಗೆ ಅಡ್ಡ ಹಾಕಿ, ಅದರ ಮೇಲೆ ಇಟ್ಟೆ. ಗುಳ್ಳೆ ಪೂರ್ತಿ ಬಲಕ್ಕೆ ಹೋಗಿ ಗಾಜಿನ ಮೂಲೆಗೆ ಅಂಟಿಕೊಂಡಿತು.

ಆಗ ಕಣ್ಣ ಮುಂದೆ ಬಂದದ್ದು ಕ್ಯಾರೆಟ್ಟು. ಬಲಕ್ಕೆ ಉರುಳಿ ಹೋದ ಐವತ್ತು ಕಿಲೋ ಕ್ಯಾರೆಟ್ಟು. ನೀರು ಹರಿದು ಹೋಗಲೆಂದೇ ತಾತ ಬಲಕ್ಕೆ ಇಳಿಜಾರು ಕೊಟ್ಟು ಕಟ್ಟಿಸಿದ ಕಳ. ಹುಟ್ಟಿದಾಗಿನಿಂದ ಅದರ ಮೇಲೆ ನೀರು ಹರಿಯುವುದನ್ನು ನೋಡಿದವನು, ಹರಿಯುವ ನೀರಿಗೆ ಪೊರಕೆ ಹಿಡಿದು ದಾರಿ ಮಾಡಿದವನು, ಅದೇ ನೆಲದ ಮೇಲೆ ನಿಂತು ಕಾರೇ ಸೊಟ್ಟ ಎಂದು ತೀರ್ಮಾನ ಮಾಡಿ ಕಾರನ್ನು ಕೊಯ್ದಿದ್ದೆ. ನೆಲ ಸೊಟ್ಟ ಇರಬಹುದೆಂದು ಹೊಳೆಯಲೇ ಇಲ್ಲ. ಬೆಟ್ಟದಲ್ಲಿ ಹುಟ್ಟಿದವನಿಗೆ ತನ್ನ ಮನೆಯಂಗಳವೇ ಭೂಮಿಯ ಮಟ್ಟ.

ಎರಡನೆಯ ಸಲಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಬೇರೆ ಸ್ಪ್ರಿಂಗಿರಲಿಲ್ಲ. ಎಡಗಡೆ ಟೈರಿಗೆ ಗಾಳಿ ಜಾಸ್ತಿ ತುಂಬಿದೆ, ಬಲಗಡೆಯದು ಇಳಿಸಿದೆ. ಮುರಿದ ಕಾಲಿಗೆ ಹೊಸ ಚಪ್ಪಲಿ ಹಾಕಿದಂತಾಯಿತು. ಅಣ್ಣ ಬಂದ. ನನ್ನ ಕೈಯಲ್ಲಿದ್ದ ರಸಮಟ್ಟ ನೋಡಿದ, ಮುಖ ನೋಡಿದ.

"ಏನ್ಲಾ?"

"ಏನಿಲ್ಲ ಅಣ. ಸುಮ್ನೆ ಚೆಕ್ ಮಾಡ್ತಿದ್ದೆ."

ಎರಡನೆಯ ಸಲವೂ ಅದೇ ಆಯಿತು. ಮುಗಿದ ಮೇಲೆ ಯಜಮಾನರು ಗಡಿಯಾರ ಹಿಡಿದುಕೊಂಡು ಬಂದರು. ಚೆನ್ನೈ ಹುಡುಗನಿಗಿಂತ ಅಣ್ಣ ಬಹಳವೇನೂ ಹಿಂದಿರಲಿಲ್ಲ. ಅವರ ದನಿಯಲ್ಲಿ ಇನ್ನೂ ಆಸೆಯಿತ್ತು.

"ಬಲಕ್ಕೆ ತಿರುಗುವಾಗ ಏನಾಗ್ತಿದೆ ತಂಬಿ? ಕಾರು ಏನು ಮಾಡ್ತಿದೆ?"

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಕಾರಿನ ಸ್ಪ್ರಿಂಗು ನಾನು ಕೊಯ್ದಿದ್ದು ಸರ್, ಅವನ ತಪ್ಪಲ್ಲ, ನಿಮ್ಮ ಕಾರು ಕೊಟ್ಟು ಒಂದೇ ಒಂದು ಸುತ್ತು ಬಿಡಿ. ಇಷ್ಟು ಹೇಳಬೇಕಿತ್ತು. ಜೀವನದಲ್ಲಿ ಬೇಡದ ಕಡೆಯೆಲ್ಲ ಬಾಯಿ ಹಾಕಿದವನು ನಾನು, ಹೆಣದ ಮನೆಯಲ್ಲೂ ಜೋಕು ಹೇಳಿ ಒದೆ ತಿಂದವನು. ಅವತ್ತು ನಾಲಿಗೆ ಅಂಟಿಕೊಂಡಿತು.

ಅಣ್ಣ ನನ್ನ ಕಡೆ ತಿರುಗಲಿಲ್ಲ. "ಕಾರು ಚೆನ್ನಾಗಿದೆ ಸರ್," ಎಂದ. "ನನ್ನದೇ ತಪ್ಪು."

ಯಜಮಾನರು ಗಡಿಯಾರವನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಬೆನ್ನು ತಟ್ಟಿ ಹೋದರು. ಬೆನ್ನು ತಟ್ಟಿದ ರೀತಿಯಲ್ಲೇ ಸೀಟು ಹೋಯಿತೆಂದು ತಿಳಿಯಿತು.

ವಾಪಸ್ ಬರುವಾಗ ಬರ್ಲಿಯಾರಿನಲ್ಲಿ ಟೀಗೆ ನಿಲ್ಲಿಸಿದೆವು. ನಾನು ಎಲ್ಲ ಹೇಳಿದೆ, ಕಳ, ಮೋರಿ, ಅರ್ಧ ಸುತ್ತು. ಅಣ್ಣ ಗ್ಲಾಸಿನ ತಳದವರೆಗೂ ಕುಡಿದ.

"ಮೊದಲ್ನೇ ರೌಂಡಲ್ಲೇ ಗೊತ್ತಾಯ್ತು," ಎಂದ.

"ಮತ್ಯಾಕಣ ಹೇಳ್ಳಿಲ್ಲ?"

"ನಿನ್ನ ಮೋರೆ ನೋಡ್ದೆ. ಅಷ್ಟು ಜನರ ಮುಂದೆ." ಗ್ಲಾಸು ಕೆಳಗಿಟ್ಟ. "ನಂಗೆ ಸೀಟು ಸಿಗ್ದಿದ್ರೆ ಪಿಕಪ್ ಐತೆ. ನೀನು ಎರಡು ಪೇಪರ್ ಬಾಕಿ ಇಟ್ಕಂಡು, ಇದೂ ಬರಾಕಿಲ್ಲ ಅಂದ್ರೆ ಎಲ್ಲಿಗ್ಲಾ ಹೋಯ್ತಿಯಾ?"

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಒಂಬತ್ತು ದಿನ ನಿದ್ದೆಯಿಲ್ಲದೆ ಕಳೆದೆ, ಅಥವಾ ದೊಡ್ಡಮ್ಮ ಹೇಳುವ ಪ್ರಕಾರ ಗೊರಕೆ ಹೊಡೆಯುತ್ತ ಕಳೆದೆ. ಹತ್ತನೆಯ ದಿನ ಮನೆಯಲ್ಲಿ ಯಾರಿಗೂ ಹೇಳದೆ ಬಸ್ಸು ಹತ್ತಿ ಕೊಯಮತ್ತೂರಿಗೆ ಹೋಗಿ ಮಿಲ್ಲಿನ ಆಫೀಸಿನಲ್ಲಿ ಯಜಮಾನರ ಮುಂದೆ ನಿಂತೆ. ಆ ಸಲ ಬಾಯಿ ಬಂತು. ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು, ಅಣ್ಣನನ್ನು ಇನ್ನೊಂದು ಸಲ ನೋಡಿ ಎಂದೆ.

ಅವರು ತಾಳ್ಮೆಯಿಂದ ಕೇಳಿದರು. "ಅಷ್ಟು ವಾಲಿದ್ದು ನಿಮ್ಮಣ್ಣನಿಗೆ ಗೊತ್ತಾಗಲಿಲ್ಲವಾ?"

"ಗೊತ್ತಾಯ್ತು ಸರ್. ಮೊದಲ್ನೇ ಸುತ್ತಲ್ಲೇ. ನನ್ನ ಮರ್ಯಾದೆ ಹೋಗ್ತದೆ ಅಂತ ಹೇಳ್ಳಿಲ್ಲ."

ಇದನ್ನು ಹೇಳಿದರೆ ಅವರ ಮನಸ್ಸು ಕರಗುತ್ತದೆ ಎಂದು ನಾನು ಬಸ್ಸಿನಲ್ಲಿ ನಾಲ್ಕು ಗಂಟೆ ಲೆಕ್ಕ ಹಾಕಿಕೊಂಡು ಬಂದಿದ್ದೆ. ನನ್ನ ಲೆಕ್ಕ.

ಅವರು ಕನ್ನಡಕ ತೆಗೆದಿಟ್ಟರು. "ನಾನು ಕಾರು ಹೇಗಿದೆ ಅಂತ ಕೇಳಿದ್ದು ಸುಮ್ಮನೆ ಅಲ್ಲಪ್ಪ. ಕಾರು ಕೆಟ್ಟದು ಅಂತ ನೋಡಿದರೇ ಗೊತ್ತಾಗ್ತಿತ್ತು. ಓಡಿಸೋವನು ಬಂದು ಏನಾಗ್ತಿದೆ ಅಂತ ಹೇಳಿದರೆ ತಾನೇ ನಾವು ಸ್ಪ್ರಿಂಗ್ ಸರಿ ಮಾಡೋದು? ಇದು ಗೊತ್ತಾಗ್ಲಿಲ್ಲ ಅವನಿಗೆ ಅಂದುಕೊಂಡು ಬಿಟ್ಟೆ. ಕಲಿಸಬಹುದು, ಮುಂದಿನ ವರ್ಷ ಕರೆಯೋಣ ಅಂತಲೂ ಇದ್ದೆ." ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಗೊತ್ತಿದ್ದೂ ನನಗೆ ಸುಳ್ಳು ಹೇಳಿದ ಅಂದರೆ ಕಷ್ಟ. ನಾಳೆ ಬ್ರೇಕು ಹಿಡೀದೆ ಇದ್ದರೂ ಮೆಕ್ಯಾನಿಕ್ಕಿನ ಮುಖ ನೋಡಿ ಚೆನ್ನಾಗಿದೆ ಅಂತಾನೆ. ಬೇಡಪ್ಪ."

ಹೀಗೆ ಅಣ್ಣನಿಗೆ ಉಳಿದಿದ್ದ ಮುಂದಿನ ವರ್ಷವನ್ನೂ ನಾನೇ ಖುದ್ದಾಗಿ ಬಸ್ ಚಾರ್ಜು ಕೊಟ್ಟು ಹೋಗಿ ಮುಗಿಸಿ ಬಂದೆ.

ಊರಿಗೆ ಬಂದಾಗ ಸಂಜೆ ಐದಾಗಿತ್ತು. ಅಣ್ಣ ಪಿಕಪ್ಪಿನ ಕೆಳಗೆ ಮಲಗಿದ್ದ, ಕಾಲು ಮಾತ್ರ ಹೊರಗೆ ಕಾಣುತ್ತಿತ್ತು.

"ಎಲ್ಲಿ ಹೋಗಿದ್ಲಾ ಬೆಳಿಗ್ಗೆಯಿಂದ?" ಗಾಡಿಯ ಕೆಳಗಿಂದಲೇ ಕೇಳಿದ.

"ಅರಿಯರ್ ಫೀಸ್ ಕಟ್ಟಕ್ಕೆ."

"ಒಳ್ಳೇದಾಯ್ತು ಬುಡು." ಸ್ವಲ್ಪ ಹೊತ್ತು ಒಳಗೆ ಏನನ್ನೋ ತಟ್ಟಿದ. "ಹಿಂದ್ಗಡೆ ಸ್ಪ್ರಿಂಗಲ್ಲಿ ಒಂದು ಪಟ್ಟಿ ಮುರ್ದೋಗೈತೆ. ಬಾ ಇಲ್ಲಿ, ಯಾವ ದಪ್ಪದ್ದು ಹಾಕ್ಬೇಕು ನೋಡೇಳು."

"ಮೇಸ್ತ್ರಿಗೆ ತೋರ್ಸಣ."

"ನೀನಿದ್ದೀಯಲ್ಲ," ಎಂದ. ಗಾಡಿಯ ಕೆಳಗಿಂದ ಒಂದು ಕೈ ಹೊರಗೆ ಬಂತು, ಗ್ರೀಸು ಮೆತ್ತಿದ ಕೈ, ಅದರಲ್ಲಿ ಸ್ಪ್ಯಾನರ್ ಇತ್ತು. ನಾನು ತೆಗೆದುಕೊಳ್ಳಲಿಲ್ಲ. ಕೈ ಹಾಗೇ ಚಾಚಿಕೊಂಡೇ ಇತ್ತು.